ಕಲ್ಲಿನ ರಥದ ಮೇಲಿದ್ದ ಶಿಖರ

ಹಂಪೆಗೆ ಹೋದವರಲ್ಲಿ ವಿಜಯವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ರಥವನ್ನು ನೋಡದೆ ಹಿಂದಿರುಗಿದವರು ಯಾರೂ ಇರಲಾರರು. ಹೋಗದೆ ಇರುವವರಿಗೂ ಅದರ ಪರಿಚಯವುಂಟು. 2017ರಲ್ಲಿ ಹೊರಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಅದೇ ರಥವಿದೆ. ಕಲ್ಲಿನ ಗಾಲಿಗಳು, ಅವುಗಳ ಮೇಲೊಂದು ಸಣ್ಣ ಗುಡಿ, ಗುಡಿಗೆ ಬಾಗಿದ ಸೂರು, ಸೂರಿನ ಮೇಲೆ ಬರಿಯ ಆಕಾಶ. ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿರುವ ರೂಪ ಇಷ್ಟೆ. ವಿಜಯನಗರದ ಶಿಲ್ಪಿಯು ರಥವನ್ನು ಹೀಗೆಯೇ ಮಾಡಿ ನಿಲ್ಲಿಸಿದನೆಂದು ನಾವೆಲ್ಲರೂ ನಂಬಿಕೊಂಡಿದ್ದೇವೆ.

1856ರಲ್ಲಿ ತೆಗೆದ ಒಂದು ಛಾಯಾಚಿತ್ರ ಬೇರೆ ಮಾತನ್ನು ಹೇಳುತ್ತದೆ. ಅದರಲ್ಲಿ ರಥದ ಸೂರಿನ ಮೇಲೆ ಇಟ್ಟಿಗೆಯಿಂದ ಕಟ್ಟಿದ ಶಿಖರವೊಂದು ಎದ್ದು ನಿಂತಿದೆ. ಇಂದು ಅದರ ಗುರುತೂ ನಮಗೆ ಕಾಣದು. ಈ ಚಿತ್ರವನ್ನು ತೆಗೆದವನು ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತ. ಆತನು ಹಂಪೆಯಲ್ಲಿ ತೆಗೆದ ಸುಮಾರು 60 ಚಿತ್ರಗಳು, ಅಂಥ ಚಿತ್ರಗಳು ಹುಟ್ಟಿದ ಬಗೆ, ಅವು ನಮಗೆ ಹೇಳುವ ಮತ್ತು ಹೇಳದೆ ಬಿಡುವ ಸಂಗತಿಗಳು, ಇವನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಬರೆಯಬಯಸುತ್ತೇನೆ. ಇತಿಹಾಸದ ವಿದ್ಯಾರ್ಥಿಗಳು ಶಾಸನವನ್ನು ಓದುವಷ್ಟು ಎಚ್ಚರಿಕೆಯಿಂದ ಹಳೆಯ ಛಾಯಾಚಿತ್ರವನ್ನೂ ಓದಬೇಕೆಂಬುದು ನನ್ನ ಅಭಿಪ್ರಾಯ.

ಛಾಯಾಚಿತ್ರಕಲೆಗೂ ಹಾಳುಬಿದ್ದ ಕಟ್ಟಡಗಳಿಗೂ ಹುಟ್ಟಿನಿಂದಲೇ ನಂಟು. 1839ರಲ್ಲಿ ಪ್ಯಾರಿಸಿನಲ್ಲಿ ದಾಗೇರನ ವಿಧಾನವನ್ನು ಲೋಕಕ್ಕೆ ಸಾರಿದಾಗ ಅದರ ಪರವಾಗಿ ಮಾತನಾಡಿದ ವಿಜ್ಞಾನಿ ಅರಾಗೊ ಕೊಟ್ಟ ಉದಾಹರಣೆ ಈಜಿಪ್ಟಿನದು. ಥೀಬ್ಸ್, ಮೆಂಫಿಸ್, ಕಾರ್ನಾಕ್‌ಗಳ ಗೋಡೆಗಳ ಮೇಲಿರುವ ಚಿತ್ರಲಿಪಿಯನ್ನು ಕೈಯಿಂದ ನಕಲು ಮಾಡಲು ಚಿತ್ರಕಾರರ ದಂಡೇ ಹತ್ತಾರು ವರ್ಷ ದುಡಿಯಬೇಕಾಗುತ್ತದೆ, ಈ ಯಂತ್ರವಿದ್ದರೆ ಒಬ್ಬನೇ ಸಾಕು ಎಂಬುದು ಆತನ ವಾದದ ಸಾರ. ನೆಪೋಲಿಯನ್ನನ ದಂಡಯಾತ್ರೆಯಲ್ಲಿ ಹೋದ ವಿದ್ವಾಂಸರು ಅದೇ ಗೋಡೆಗಳ ಮುಂದೆ ಕುಳಿತು ಬರೆದು ಬರೆದು ಬಳಲಿದ್ದರು. ಆ ನೆನಪು ಫ್ರಾನ್ಸಿನವರಿಗೆ ಇನ್ನೂ ಹಸಿಯಾಗಿದ್ದಿತು.

ಅರಾಗೊ ಹೇಳಿದಷ್ಟು ಸುಲಭವಾಗಿ ಕೆಲಸ ನಡೆಯಲಿಲ್ಲವೆಂಬುದು ಬೇರೆ ಮಾತು. 1849ರಿಂದ 1851ರವರೆಗೆ ಕಾದಂಬರಿಕಾರ ಫ್ಲೋಬೇರನೊಡನೆ ಈಜಿಪ್ಟ್, ಪ್ಯಾಲೆಸ್ಟೈನ್, ಸಿರಿಯಗಳಲ್ಲಿ ಸುತ್ತಿದ ಮಾಕ್ಸೀಂ ದ್ಯು ಕಾಂ ಅನೇಕ ಚಿತ್ರಗಳನ್ನು ತೆಗೆದನು. ಅವುಗಳಲ್ಲಿ 125 ಚಿತ್ರಗಳು 1852ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಕಟ್ಟಡದ ಎತ್ತರ ನೋಡುವವರಿಗೆ ತಿಳಿಯಲೆಂದು ಆತನು ತನ್ನ ದೋಣಿಯ ನಾವಿಕ ಹಾಜಿ ಇಸ್ಮಾಯಿಲನನ್ನು ಕಂಬದ ಮೇಲೋ ವಿಗ್ರಹದ ತಲೆಯ ಮೇಲೋ ಕೂರಿಸುತ್ತಿದ್ದನು. ಇಸ್ಮಾಯಿಲ್ ಅಲುಗಿದರೆ ಚಿತ್ರ ಕೆಡುತ್ತದೆ. ಆದುದರಿಂದ ಪೆಟ್ಟಿಗೆಯ ಮುಂದಿರುವ ಹಿತ್ತಾಳೆಯ ಕೊಳವೆ ಒಂದು ಫಿರಂಗಿಯೆಂದೂ ಅಲುಗಿದರೆ ಸಿಡಿಯುತ್ತದೆಂದೂ ಹೇಳಿ ಆತನನ್ನು ನಿಶ್ಚಲವಾಗಿರಿಸಿದನಂತೆ! ಇದನ್ನು ದ್ಯು ಕಾಂ ತಾನೇ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ನಗು ಬರುವ ಕಥೆಯೆಂಬುದು ನಿಜ. ಆದರೆ ಫಿರಂಗಿಯ ಬಾಯಿಯೆದುರು ಕುಳಿತಿರುವೆನೆಂದು ನಂಬಿ ಉಸಿರು ಬಿಗಿಹಿಡಿದ ಆ ನಾವಿಕನ ಮುಖವನ್ನು ನೆನೆದರೆ ನಗು ಅರ್ಧಕ್ಕೆ ನಿಲ್ಲುತ್ತದೆ. ದ್ಯು ಕಾಂ ಮಾತ್ರ ಯಾತ್ರೆಯ ಕೊನೆಗೆ ಬೇರೂತಿನಲ್ಲಿ ತನ್ನ ಛಾಯಾಚಿತ್ರದ ಸಲಕರಣೆಗಳನ್ನೆಲ್ಲ ಕೊಟ್ಟು ಅದಕ್ಕೆ ಬದಲಾಗಿ ಜರಿಯ ಬಟ್ಟೆಯನ್ನು ಪಡೆದುಕೊಂಡನು.

ಆಗ ಬಳಕೆಯಲ್ಲಿದ್ದ ವಿಧಾನಗಳನ್ನು ಸ್ವಲ್ಪ ತಿಳಿದುಕೊಳ್ಳದೆ ಈ ಚಿತ್ರಗಳನ್ನು ಓದುವುದು ಸಾಧ್ಯವಿಲ್ಲ. ದಾಗೇರನದು ಬೆಳ್ಳಿಲೇಪದ ತಗಡಿನ ಮೇಲೆ ಮೂಡುವ ಚಿತ್ರ. ಬಹು ಸೊಗಸಾದದ್ದು, ಆದರೆ ಅದಕ್ಕೆ ಎರಡನೆಯ ಪ್ರತಿಯಿಲ್ಲ. ಇಂಗ್ಲೆಂಡಿನ ಟಾಲ್ಬಟ್ಟನು 1841ರಲ್ಲಿ ಹಕ್ಕು ಪಡೆದ ವಿಧಾನದಲ್ಲಿ ಕಾಗದದ ಮೇಲೆ ಮೊದಲು ನೆಗೆಟಿವ್ ಮೂಡುತ್ತದೆ. ಅದರಿಂದ ಎಷ್ಟು ಪ್ರತಿಗಳನ್ನಾದರೂ ತೆಗೆಯಬಹುದು. 1851ರಲ್ಲಿ ಎರಡು ಸುಧಾರಣೆಗಳು ಬಂದವು. ಆರ್ಚರ್ ಎಂಬ ಇಂಗ್ಲಿಷಿನವನದು ಕೊಲೋಡಿಯನ್ ಬಳಿದ ಗಾಜು. ಲ ಗ್ರೇ ಎಂಬ ಫ್ರೆಂಚನದು ಮೇಣದ ಕಾಗದ.

ಗಾಜಿನ ಮೇಲೆ ಕೂದಲೆಳೆಯಷ್ಟು ಸೂಕ್ಷ್ಮವೂ ಮೂಡುತ್ತಿದ್ದಿತು. ಆದರೆ ಗಾಜಿಗೆ ದ್ರವ ಬಳಿದು, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು, ಒಣಗುವುದರೊಳಗಾಗಿ ತೊಳೆದು ಮುಗಿಸಬೇಕು. ಎಲ್ಲವೂ ಕೆಲವೇ ನಿಮಿಷಗಳ ಆಟ. ಹೋದ ಕಡೆಗೆಲ್ಲ ಕತ್ತಲ ಡೇರೆಯನ್ನೂ ನೀರನ್ನೂ ಗಾಜಿನ ಹೊರೆಯನ್ನೂ ಹೊತ್ತು ಹೋಗಬೇಕು. 1856ರಿಂದ ಮೂರು ಸಲ ಈಜಿಪ್ಟಿಗೆ ಹೋದ ಫ್ರಾನ್ಸಿಸ್ ಫ್ರಿತ್ ಹದಿನಾರು ಅಂಗುಲ ಅಗಲ ಇಪ್ಪತ್ತು ಅಂಗುಲ ಉದ್ದದ ಗಾಜುಗಳನ್ನು ಮರುಭೂಮಿಯಲ್ಲಿ ಸಾಗಿಸಿದನು. ಡೇರೆಯೊಳಗಿನ ಬಿಸಿಗೆ ಕೊಲೋಡಿಯನ್ ಗಾಜಿನ ಮೇಲೆ ಬೀಳುತ್ತಲೇ ಕುದಿಯುತ್ತಿದ್ದಿತಂತೆ.

ಮೇಣದ ಕಾಗದಕ್ಕೆ ಈ ಅವಸರವಿಲ್ಲ. ಒಳ್ಳೆಯ ತೆಳುಗಾಗದಕ್ಕೆ ಬಿಳಿಯ ಜೇನುಮೇಣವನ್ನು ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಊಡಿಸಿ, ಅಯೊಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸುತ್ತಾರೆ. ಬಳಿಕ ಮಬ್ಬು ಬೆಳಕಿನಲ್ಲಿ ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿ ಮತ್ತೆ ಒಣಗಿಸುತ್ತಾರೆ. ಹೀಗೆ ಸಿದ್ಧವಾದ ಹಾಳೆಗಳನ್ನು ಕತ್ತಲೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಪಯಣ ಹೊರಡಬಹುದು. ಚಿತ್ರ ತೆಗೆದ ಮೇಲೆ ಬಿಡಾರಕ್ಕೆ ಮರಳಿ, ರಾತ್ರಿ ಗ್ಯಾಲಿಕ್ ಆಮ್ಲದಲ್ಲಿಟ್ಟು ಚಿತ್ರವನ್ನು ಬರಿಸಿ, ಹೈಪೊದಲ್ಲಿ ತೊಳೆದರೆ ಆಯಿತು. ಒಡೆಯುವ ಭಯವಿಲ್ಲ, ಹೊರೆ ಕಡಮೆ. ಬಿಸಿಲು ಹೆಚ್ಚು, ದಾರಿ ದೂರ, ಎತ್ತಿನ ಗಾಡಿಯೇ ಗತಿಯಾಗಿದ್ದ ನಮ್ಮ ದೇಶದಲ್ಲಿ ಮೊದಮೊದಲು ಈ ಕಾಗದವೇ ಮೇಲುಗೈಯಾದುದರಲ್ಲಿ ಆಶ್ಚರ್ಯವಿಲ್ಲ. ಎರಡು ಕುಂದುಗಳು ಮಾತ್ರ ಇದ್ದವು. ಕಾಗದದ ನಾರು ಚಿತ್ರದಲ್ಲಿ ಬೆರೆತು ಅಂಚುಗಳು ಮೆತ್ತಗಾಗುತ್ತಿದ್ದವು. ಮತ್ತು ಮಸೂರವನ್ನು ಹಲವು ನಿಮಿಷಗಳ ಕಾಲ ತೆರೆದಿಡಬೇಕಾಗಿದ್ದಿತು. ಈ ಎರಡನೆಯ ಕುಂದಿನ ಮಾತು ಮುಂದೆ ಮತ್ತೆ ಬರುತ್ತದೆ.

ಈಸ್ಟ್ ಇಂಡಿಯಾ ಕಂಪನಿಯವರು ಪುರಾತನ ಕಟ್ಟಡಗಳ ನಕ್ಷೆ ಬರೆಯಿಸಲು ಚಿತ್ರಕಾರರಿಗೆ ಹಣ ತೆತ್ತು ಬೇಸತ್ತಿದ್ದರು. ಹಂಪೆಯ ನಕ್ಷೆಯನ್ನೇ ಕಾಲಿನ್ ಮೆಕೆಂಜಿ 1799ರಲ್ಲಿ ಅಳತೆ ಮಾಡಿಸಿ ಬರೆಯಿಸಿದ್ದನು. 1850ರ ದಶಕದ ನಡುವಿನಲ್ಲಿ ಕಂಪನಿಯ ಒಲವು ಛಾಯಾಚಿತ್ರದ ಕಡೆಗೆ ತಿರುಗಿತು. ಸೈನ್ಯದ ಅಧಿಕಾರಿಗಳೂ ವೈದ್ಯರೂ ಈ ವಿದ್ಯೆಯನ್ನು ಕಲಿತರು. ಕನ್ನಡನಾಡಿನ ಪಾಲಿಗೆ ಇದು ಒಂದು ಸುಯೋಗವಾಯಿತು. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯೂ ನೀಲ್ ಎಂಬ ವೈದ್ಯನೂ ಮೈಸೂರು ಸೀಮೆಯಲ್ಲಿ ಸಂಚರಿಸಿ ಬೇಲೂರು ಹಳೇಬೀಡುಗಳ ಚಿತ್ರಗಳನ್ನು ತೆಗೆದರು. 1855ರಲ್ಲಿ ಮುಂಬಯಿ ಸರ್ಕಾರ ತೋಪಖಾನೆಯ ಬಿಗ್ಸ್ ಎಂಬವನನ್ನು ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಕಡೆಗೆ ಕಳುಹಿಸಿತು. ಆ ವರ್ಷದ ಕೊನೆಗೆ ಸೈನ್ಯವು ಆತನನ್ನು ಹಿಂದಕ್ಕೆ ಕರೆದುಕೊಂಡಾಗ ಡಾಕ್ಟರ್ ಪಿಗೂ ಆ ಕೆಲಸವನ್ನು ಮುಂದುವರಿಸಿದನು. ಪಿಗೂ, ನೀಲ್, ಬಿಗ್ಸ್ ಮೂವರ ಚಿತ್ರಗಳೂ ಸೇರಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾದವು. ಇತಿಹಾಸವನ್ನು ಬರೆದವನು ಮೆಡೋಸ್ ಟೇಲರ್, ವಾಸ್ತುವಿನ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗ್ಯುಸನ್. ಛಾಯಾಚಿತ್ರವನ್ನು ಅಚ್ಚಿನಲ್ಲಿ ಮುದ್ರಿಸುವ ಕಲೆ ಇನ್ನೂ ಬಳಕೆಗೆ ಬಾರದಿದ್ದುದರಿಂದ ಒಂದೊಂದು ಚಿತ್ರವನ್ನೂ ಬಿಸಿಲಿಗೆ ಹಿಡಿದು ತೆಗೆದು ಹಾಳೆಗೆ ಅಂಟಿಸಬೇಕಾಗಿದ್ದಿತು.

ಫರ್ಗ್ಯುಸನ್ನನ ಹೆಸರು ಬಂದುದರಿಂದ ಒಂದು ಮಾತು. 1876ರಲ್ಲಿ ಭಾರತೀಯ ವಾಸ್ತುಶಿಲ್ಪದ ಇತಿಹಾಸವನ್ನು ಬರೆಯುವಾಗ ಆತನ ಬಳಿ ಮೂರು ಸಾವಿರಕ್ಕೂ ಮೇಲ್ಪಟ್ಟು ಛಾಯಾಚಿತ್ರಗಳಿದ್ದವು. ಭಾರತವನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ ಲಂಡನ್ನಿನ ಮೇಜಿನ ಮೇಲೆ ಚಿತ್ರಗಳನ್ನು ಹರಡಿಕೊಂಡು ಒಂದು ದೇವಾಲಯವನ್ನು ಇನ್ನೊಂದರೊಡನೆ ಹೋಲಿಸಿದನು. ನಾವು ಇಂದು ಪಾಠದಲ್ಲಿ ಓದುವ ಶೈಲಿಗಳ ವಿಂಗಡಣೆಗೆ ಬಹುಮಟ್ಟಿಗೆ ಈ ಮೇಜೇ ತೊಟ್ಟಿಲು. ಅದರ ಗುಣವೂ ದೋಷವೂ ಅಲ್ಲಿಂದಲೇ ಬಂದವು.

ಇನ್ನು ಹಂಪೆಗೆ ಬರೋಣ. ಗ್ರೀನ್‌ಲಾನ ಕಾಗದದ ನೆಗೆಟಿವುಗಳು ಹದಿನಾರು ಅಂಗುಲ ಹದಿನೆಂಟು ಅಂಗುಲದಷ್ಟು ದೊಡ್ಡವು. ಚಿತ್ರವನ್ನು ಹಿಗ್ಗಿಸುವ ಸುಲಭೋಪಾಯ ಆಗ ಇರಲಿಲ್ಲ. ನೆಗೆಟಿವು ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕಾದರೆ ದೊಡ್ಡ ಪೆಟ್ಟಿಗೆಯನ್ನೇ ಹೊರಿಸಬೇಕು. ಬಂಡೆಗಳ ನಡುವೆ, ಹೊಲಗಳ ಬದುವಿನ ಮೇಲೆ, ಆ ಮಹಾ ಪೆಟ್ಟಿಗೆಯನ್ನು ಹೊತ್ತು ನಡೆದವರು ಯಾರೋ! ಇಸ್ಮಾಯಿಲನ ಹೆಸರಾದರೂ ಪುಸ್ತಕದಲ್ಲಿ ಉಳಿಯಿತು. ನಮ್ಮ ಕೂಲಿಯಾಳುಗಳ, ಗಾಡಿಯವರ ಹೆಸರನ್ನು ಆಗ ಬರೆದಿಟ್ಟವರು ತೀರ ವಿರಳ.

ಹಂಪೆಯ ಕಲ್ಲಿಗೂ ಮೇಣದ ಕಾಗದಕ್ಕೂ ಒಳ್ಳೆಯ ಹೊಂದಿಕೆಯೆಂದು ನನಗೆ ತೋರುತ್ತದೆ. ಹಳೇಬೀಡಿನ ಬಳಪದ ಕಲ್ಲಿನ ಕುಸುರಿಯನ್ನು ಕಾಗದದ ನಾರು ಸ್ವಲ್ಪ ನುಂಗಿಬಿಡುತ್ತದೆ. ಹಂಪೆಯ ಕಣಶಿಲೆಯಲ್ಲಿ ಅಂಥ ನವುರು ಕೆತ್ತನೆ ಕಡಮೆ. ಅಲ್ಲಿರುವುದು ದೊಡ್ಡ ಕಂಬ, ದಪ್ಪ ನೆರಳು, ಗುಡ್ಡದ ಗಾತ್ರ. ಗಾಜಿನ ಚಿತ್ರದ ಚೂಪು ಇಲ್ಲದಿದ್ದರೂ ಕಾಗದದ ಚಿತ್ರದಲ್ಲಿ ಕಲ್ಲಿನ ಭಾರ ತಿಳಿಯುತ್ತದೆ.

ಈಗ ರಥದ ಶಿಖರಕ್ಕೆ ಬಂದರೆ, ಕಲ್ಲಿನ ಗುಡಿಯ ಮೇಲೆ ಇಟ್ಟಿಗೆ ಗಾರೆಗಳ ಶಿಖರವನ್ನು ಏರಿಸುವುದು ವಿಜಯನಗರದವರ ವಾಡಿಕೆ. ಹಂಪೆಯ ಅನೇಕ ಗೋಪುರಗಳಲ್ಲಿ ಕೆಳಗಿನ ಭಾಗ ಕಲ್ಲು, ಮೇಲಿನದು ಇಟ್ಟಿಗೆ. ಇಟ್ಟಿಗೆ ಮೊದಲು ಉದುರುತ್ತದೆ, ಕಲ್ಲು ಉಳಿಯುತ್ತದೆ. ಕಲ್ಲಿನ ರಥವೂ ನಿಜವಾಗಿ ವಿಠ್ಠಲನಿಗೆ ಎದುರಾಗಿ ಗರುಡನಿಗೆಂದು ಕಟ್ಟಿದ ಗುಡಿ. ಅದಕ್ಕೊಂದು ಶಿಖರವಿದ್ದುದು ಸಹಜವೇ. ನಮ್ಮ ಊರುಗಳ ತೇರನ್ನು ನೆನೆಯಿರಿ. ಗಾಲಿಗಳ ಮೇಲೆ ಮರದ ಗಡ್ಡೆ, ಅದರ ಮೇಲೆ ಗಳುಗಳನ್ನು ಕಟ್ಟಿ ಬಟ್ಟೆ ಹೊದಿಸಿದ ಎತ್ತರದ ಶಿಖರ, ತುದಿಯಲ್ಲಿ ಕಳಸ. ಜಾತ್ರೆ ಮುಗಿದು ಬಟ್ಟೆ ಬಿಚ್ಚಿದ ಮೇಲೆ ಉಳಿಯುವ ಗಡ್ಡೆಯನ್ನು ನೋಡಿ ಯಾರೂ ಅದನ್ನು ಪೂರ್ಣವಾದ ತೇರೆಂದು ಹೇಳುವುದಿಲ್ಲ. ಹಂಪೆಯಲ್ಲಿ ನಾವು ಮಾಡುತ್ತಿರುವುದು ಹೆಚ್ಚು ಕಡಮೆ ಅದನ್ನೇ. ಶಿಖರವನ್ನು ಕಳೆದುಕೊಂಡ ಅರ್ಧವನ್ನು ಪೂರ್ಣವೆಂದು ತಿಳಿದು, ಅದರ ಅಳತೆಯ ಚೆಲುವನ್ನು ಹೊಗಳಿ, ನೋಟಿನ ಮೇಲೂ ಅಚ್ಚುಹಾಕಿಕೊಂಡಿದ್ದೇವೆ. ಈಗಿನ ರೂಪ ಚೆಲುವಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಚಿತ್ರದಲ್ಲಿರುವ ಶಿಖರವೇ ಆಗಲೇ ಶಿಥಿಲವಾದದ್ದು. ಇಂದು ನೋಡುವವರ ಕಣ್ಣಿಗೆ ಅದೊಂದು ಹೊರೆಯಂತೆ ಕಾಣಲೂಬಹುದು. ಆದರೆ ನಮ್ಮ ಕಣ್ಣಿಗೆ ಇಂಪಾದುದು ಬೇರೆ, ಕಟ್ಟಿದವರ ಮನಸ್ಸಿನಲ್ಲಿದ್ದುದು ಬೇರೆ. ಕಟ್ಟಿದವರ ಪರವಾಗಿ ಸಾಕ್ಷಿ ನುಡಿಯಲು ಈ ಕಾಗದದ ಚಿತ್ರ ಉಳಿದಿದೆ.

ಆ ಸಾಕ್ಷಿಯೂ ಬಹುಕಾಲ ಮೂಕವಾಗಿದ್ದಿತು. ಗ್ರೀನ್‌ಲಾ 1870ರಲ್ಲಿ ತೀರಿಕೊಂಡನು. ಆತನ ನೆಗೆಟಿವುಗಳು ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದುದು 1980ರ ಸುಮಾರಿಗೆ. ಆಮೇಲೆ 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪೆಗೆ ಬಂದು, ಗ್ರೀನ್‌ಲಾನು ಪೆಟ್ಟಿಗೆ ನಿಲ್ಲಿಸಿದ ಜಾಗಗಳನ್ನು ಹುಡುಕಿ, ಅಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದನು. ಕಂಬದ ಅಂಚು ಹಿಂದಿನ ಬಂಡೆಯ ಯಾವ ಬಿರುಕಿಗೆ ಸರಿಯಾಗಿ ಕೂಡುತ್ತದೆಂದು ನೋಡುತ್ತ ಒಂದು ಹೆಜ್ಜೆ ಆಚೆ ಒಂದು ಹೆಜ್ಜೆ ಈಚೆ ಸರಿಯಬೇಕಾದ ಕೆಲಸವದು. ಹೀಗೆ 127 ವರ್ಷಗಳ ಅಂತರದ ಎರಡೆರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಏನು ಬಿದ್ದಿದೆ, ಏನನ್ನು ಎತ್ತಿ ನಿಲ್ಲಿಸಿದ್ದಾರೆ, ಯಾವುದು ಮೊದಲಿನ ಹಾಗೆಯೇ ಇದೆ ಎಂಬುದು ಯಾವ ವರದಿಗಿಂತಲೂ ಸ್ಪಷ್ಟವಾಗಿ ತಿಳಿಯುತ್ತದೆ.

ಸಾಕ್ಷಿಯ ಮಾತೆಲ್ಲವನ್ನೂ ನಂಬಬೇಕೆ? ಇಲ್ಲವೆಂದೇ ಹೇಳಬೇಕು. ಮಸೂರವನ್ನು ಹಲವು ನಿಮಿಷ ತೆರೆದಿಡಬೇಕಾಗಿದ್ದಿತೆಂದು ಹಿಂದೆ ಹೇಳಿದೆನಷ್ಟೆ. ಅಷ್ಟು ಹೊತ್ತಿನಲ್ಲಿ ನಡೆದುಹೋದವರು ಚಿತ್ರದಲ್ಲಿ ಮೂಡುವುದಿಲ್ಲ. ದಾಗೇರನು 1838ರಲ್ಲಿ ಪ್ಯಾರಿಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದನು. ಗಾಡಿಗಳೂ ಜನರೂ ಓಡಾಡುವ ಆ ಬೀದಿ ಚಿತ್ರದಲ್ಲಿ ಬಿಕೋ ಎನ್ನುತ್ತಿದೆ. ಒಬ್ಬ ಮಾತ್ರ ಬೂಟಿಗೆ ಪಾಲಿಷು ಹಾಕಿಸಿಕೊಳ್ಳುತ್ತ ಒಂದೆಡೆ ನಿಂತಿದ್ದುದರಿಂದ ಉಳಿದುಕೊಂಡನು. ಹೀಗಿರಲು ಹಂಪೆಯ ಚಿತ್ರಗಳಲ್ಲಿ ಜನ ಕಾಣದಿದ್ದರೆ ಅಲ್ಲಿ ಜನರೇ ಇರಲಿಲ್ಲವೆಂದು ಅರ್ಥವಲ್ಲ. ದನ ಮೇಯಿಸುವ ಹುಡುಗನಾಗಲಿ ನೀರಿಗೆ ಹೋಗುವ ಹೆಂಗಸಾಗಲಿ ಆ ದಾರಿಯಲ್ಲಿ ಹಾದುಹೋಗಿದ್ದರೆ ಕಾಗದ ಅದನ್ನು ಗಮನಿಸುವಂತಿರಲಿಲ್ಲ. 'ಹಾಳು ಹಂಪೆ' ಎಂಬ ಮಾತು ನಮ್ಮಲ್ಲಿ ಗಾದೆಯಂತೆ ಬಳಕೆಯಲ್ಲಿದೆ. 1565ರ ಯುದ್ಧದ ಬಳಿಕ ರಾಜಧಾನಿ ಹಾಳಾದುದು ನಿಜ. ಆದರೆ ವಿರೂಪಾಕ್ಷನ ಪೂಜೆ ನಡೆದೇ ಇದ್ದಿತು. ಆ ದೇವಾಲಯದ ದೊಡ್ಡ ಗೋಪುರವನ್ನು ಗ್ರೀನ್‌ಲಾ ಬರುವುದಕ್ಕೆ ಮೊದಲೇ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದುರಸ್ತಿಪಡಿಸಿದ್ದರು. ಗದ್ದೆಗಳಿಗೆ ವಿಜಯನಗರದ ಕಾಲುವೆಗಳ ನೀರು ಹರಿಯುತ್ತಿದ್ದಿತು. 1900ರಲ್ಲಿ ರಾಬರ್ಟ್ ಸ್ಯೂಯೆಲ್ ತನ್ನ ಗ್ರಂಥಕ್ಕೆ ಮರೆತುಹೋದ ಸಾಮ್ರಾಜ್ಯವೆಂಬ ಹೆಸರಿಟ್ಟಾಗ ಯಾರು ಮರೆತವರು ಎಂದು ಕೇಳುವ ಹಕ್ಕು ಹಂಪೆಯ ಜಾತ್ರೆಗೆ ಬರುತ್ತಿದ್ದ ರೈತನಿಗೆ ಇದ್ದೇ ಇದ್ದಿತು.

ಆಕಾಶದ ವಿಷಯವೂ ಹೀಗೆಯೇ. ಆಗಿನ ಬೆಳ್ಳಿಯ ಲವಣ ನೀಲಿ ಬಣ್ಣಕ್ಕೆ ಬಹು ಬೇಗ ಮಣಿಯುತ್ತಿದ್ದಿತು, ಹಸಿರು ಕೆಂಪುಗಳಿಗೆ ಮಣಿಯುತ್ತಿರಲಿಲ್ಲ. ಕಲ್ಲು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಮಿತಿಮೀರಿ ಮೂಡಿ, ಪ್ರತಿಯಲ್ಲಿ ಬರಿಯ ಬಿಳುಪಾಗುತ್ತಿದ್ದಿತು. ಮರಗಳು ಕಪ್ಪು ಮುದ್ದೆಗಳಾಗುತ್ತಿದ್ದವು. ಟ್ರೈಪನು ಇದನ್ನು ಸಹಿಸದೆ ನೆಗೆಟಿವಿನ ಮೇಲೆ ಬಣ್ಣ ಹಚ್ಚಿ ತಾನೇ ಮೋಡಗಳನ್ನು ಬರೆಯುತ್ತಿದ್ದನು! ಆತನ ಚಿತ್ರಗಳಲ್ಲಿ ಕಾಣುವ ಕೆಲವು ಸುಂದರ ಮೋಡಗಳು ಯಾವ ದಿನವೂ ಯಾವ ಊರಿನ ಮೇಲೂ ತೇಲಿದವಲ್ಲ.

ಅದೇ ಟ್ರೈಪನ ಇನ್ನೊಂದು ಕೆಲಸ ಮಾತ್ರ ಯಾವ ಸಂದೇಹಕ್ಕೂ ಎಡೆಗೊಡುವುದಿಲ್ಲ. 1856ರಲ್ಲಿ ಮದರಾಸು ಸರ್ಕಾರ ಆತನನ್ನು ತನ್ನ ಛಾಯಾಗ್ರಾಹಕನನ್ನಾಗಿ ನೇಮಿಸಿಕೊಂಡಿತು. 1858ರಲ್ಲಿ ಆತನು ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಮೇಲೆ ಓಡುವ ಶಾಸನವನ್ನು ತುಂಡುತುಂಡಾಗಿ ತೆಗೆದು, 21 ಚಿತ್ರಗಳನ್ನು ಒಂದಕ್ಕೊಂದು ಜೋಡಿಸಿ ಸುಮಾರು 19 ಅಡಿ ಉದ್ದದ ಪಟ್ಟಿಯನ್ನು ಮಾಡಿದನು. ಅರಾಗೊ ಕಂಡ ಕನಸು ಪ್ಯಾರಿಸಿನಿಂದ ಬಹು ದೂರದಲ್ಲಿ ಹೀಗೆ ನನಸಾಯಿತು. ಆದರೆ ಸರ್ಕಾರಕ್ಕೆ ಇದು ದುಂದುವೆಚ್ಚವಾಗಿ ಕಂಡಿತು. 1859ರಲ್ಲಿ ಹೊಸ ಗವರ್ನರ್ ಬಂದವನೇ ಕೆಲಸವನ್ನು ನಿಲ್ಲಿಸಿದನು. ಮರುವರ್ಷ ಆ ಹುದ್ದೆಯೇ ರದ್ದಾಯಿತು.

ಕನ್ನಡ ಶಾಸನಶಾಸ್ತ್ರಕ್ಕೂ ಛಾಯಾಚಿತ್ರದ ಋಣವುಂಟು. ಮೈಸೂರಿನ ಕಮಿಷನರ್ ಬೌರಿಂಗ್ ಸಾಹೇಬರ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬವನು 1865ರಲ್ಲಿ ಚಿತ್ರದುರ್ಗ, ದಾವಣಗೆರೆ, ಹರಿಹರ ಮುಂತಾದ ಕಡೆಗಳ ಶಾಸನಗಳ ಚಿತ್ರಗಳನ್ನು ತೆಗೆದನು. ಅವನ್ನು ಓದಿ ಅರ್ಥ ಮಾಡುವ ಭಾರ ಬಿ. ಎಲ್. ರೈಸ್ ಸಾಹೇಬರ ಮೇಲೆ ಬಿದ್ದಿತು. ಅದರ ಫಲವಾಗಿ 1879ರಲ್ಲಿ ಅವರ ಮೊದಲ ಶಾಸನಸಂಗ್ರಹ ಹೊರಬಂದಿತು. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಹೊರಬರತೊಡಗಿದುದು ಆ ಬಳಿಕ, 1886ರಿಂದ. ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಕಾಣುವ ಆ ದಪ್ಪ ಸಂಪುಟಗಳ ಹಿಂದೆ ಬಿಸಿಲಿನಲ್ಲಿ ಶಾಸನದ ಕಲ್ಲಿನೆದುರು ಪೆಟ್ಟಿಗೆ ನಿಲ್ಲಿಸಿಕೊಂಡು ಕಾದವನೊಬ್ಬನಿದ್ದಾನೆ.

ಕೊನೆಯದಾಗಿ ಹಳೇಬೀಡಿನ ಕೇದಾರೇಶ್ವರ ದೇವಾಲಯದ ಸಂಗತಿ. ಹೊಯ್ಸಳೇಶ್ವರವನ್ನು ನೋಡಿ ದಣಿದ ಪ್ರವಾಸಿಗಳು ಅನೇಕ ವೇಳೆ ಇದನ್ನು ನೋಡದೆ ಬಸ್ಸು ಹತ್ತುತ್ತಾರೆ. ಇಮ್ಮಡಿ ವೀರಬಲ್ಲಾಳನೂ ಅವನ ರಾಣಿ ಅಭಿನವ ಕೇತಲದೇವಿಯೂ 1219ರಲ್ಲಿ ಕಟ್ಟಿಸಿದ ತ್ರಿಕೂಟಾಲಯವಿದು. ಹತ್ತೊಂಬತ್ತನೆಯ ಶತಮಾನದ ನಡುವಿನ ಚಿತ್ರಗಳಲ್ಲಿ ಇದರ ಶಿಖರ ಇನ್ನೂ ನಿಂತಿದೆ. ಶಿಖರದ ಸಂದಿನಲ್ಲಿ ಮರವೊಂದು ಬೇರುಬಿಟ್ಟಿದೆ. ಫರ್ಗ್ಯುಸನ್ ತನ್ನ ಇತಿಹಾಸದಲ್ಲಿ ಛಾಯಾಚಿತ್ರವನ್ನು ನೋಡಿ ಕೊರೆಯಿಸಿದ ಚಿತ್ರವನ್ನು ಕೊಟ್ಟು, ಇಂಥ ರತ್ನದಂಥ ಕಟ್ಟಡವನ್ನು ಒಂದು ಮರ ಕೆಡಿಸುತ್ತಿರುವುದಕ್ಕಾಗಿ ಮರುಗಿದ್ದಾನೆ. ಲಂಡನ್ನಿನಲ್ಲಿ ಕುಳಿತವನಿಗೆ ಆ ಬೇರು ಕಂಡಿತು. ಹಳೇಬೀಡಿನಲ್ಲಿ ಕೊಡಲಿ ಹಿಡಿದು ಮೇಲೆ ಹತ್ತಬೇಕಾದವರಿಗೆ ಯಾರೂ ಹೇಳಲಿಲ್ಲ, ಅಥವಾ ಹೇಳಿದರೂ ಅದು ಯಾರ ಕೆಲಸವೆಂಬುದು ತೀರ್ಮಾನವಾಗಲಿಲ್ಲ. ಬೇರು ದಪ್ಪವಾದಂತೆ ಕಲ್ಲುಗಳು ಸಡಿಲಿದವು. ಈಗ ಅಲ್ಲಿಗೆ ಹೋದವರು ನೋಡುವುದು ನಕ್ಷತ್ರಾಕಾರದ ಜಗತಿ, ಅದರ ಮೇಲೆ ಸಾಲುಸಾಲಾಗಿ ಕೆತ್ತಿದ ಗೋಡೆ, ಗೋಡೆಯ ಮೇಲೆ ಮಟ್ಟಸವಾದ ಮಾಡು. ಶಿಖರವೂ ಇಲ್ಲ, ಮರವೂ ಇಲ್ಲ.